ಮಳೆಗಾಲಕ್ಕೆ ಮಾಂಡೋವಿ ಅಳಿವೆಯ ಪುಟ್ಟ ಹುಳುಗಳು ಎಲ್ಲಿ ಹೋಗುತ್ತವೆ?

ಘಾಟಿ ಡ್ರೈವರ್, ಬೆಳಗಾವಿ:
ಬೆಳಗಾವಿ–ಪಣಜಿ ಬಸ್ ಓಡಿಸುತ್ತೇನೆ. ರಾತ್ರಿ ಹಾಲ್ಟ್ ಪಣಜಿಯಲ್ಲೇ. ಮಗಳು ಬಿಎಸ್ಸಿ. ಮಾಂಡೋವಿ ನೀರು ತಂದುಕೊಡಪ್ಪಾ ಅಂತ ಬೆನ್ನು ಹತ್ತಿದ್ದಳು. ಜನವರಿಯಲ್ಲಿ ಧಕ್ಕೆಯಿಂದ ಹತ್ತು ಬಕೆಟ್ ಎತ್ತಿ, ಹಳೆ ಧೋತರದಲ್ಲಿ ಸೋಸಿ, ಉಳಿದದ್ದನ್ನು ಬಾಟಲಿಯಲ್ಲಿ ತಂದೆ. ಮೈಕ್ರೋಸ್ಕೋಪಿನಲ್ಲಿ ಉದ್ದ ಮೀಸೆಯ ಹುಳುಗಳ ಜಾತ್ರೆ! ಕೋಪೆಪಾಡ್, ಸೀಗಡಿಯ ದೂರದ ಬಳಗ ಅಂದಳು. ಜುಲೈನಲ್ಲಿ ಅದೇ ಜಾಗ, ಅದೇ ಧೋತರ. ಕೆಸರು ಬಿಟ್ಟರೆ ನಾಲ್ಕೈದು ಹುಳು, ಅವೂ ಬೇರೆ ಥರ. ಇದು ನಮ್ಮ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿ ಅಲ್ವಾ? ನಮ್ಮ ಮಳೆಯೇ ಅವನ್ನು ಕೊಂದಿತಾ?

ಚಿಕ್ಕೋಡಿಯವ, ಕಾರವಾರದಲ್ಲಿ ಓದಿದ್ದು:
ಕೊಂದಿದ್ದಕ್ಕಿಂತ ತಳ್ಳಿದ್ದು ಜಾಸ್ತಿ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಬೇಸಿಗೆಗೆ ಹೊಳೆ ಸೊರಗಿದಾಗ ಉಬ್ಬರ ಆ ಉಪ್ಪನ್ನು ಹತ್ತಾರು ಕಿಲೋಮೀಟರ್ ಒಳಗೆ ತರುತ್ತದೆ. ಮಳೆ ಜೋರಾದಾಗ ಪಣಜಿಯಲ್ಲೂ ಮೇಲಿನ ನೀರು ಹೆಚ್ಚುಕಡಿಮೆ ಸಪ್ಪೆ. ಉಪ್ಪಿಗೆ ಒಗ್ಗಿದ ಮೈಯೊಳಗೆ ಸಪ್ಪೆ ನೀರು ನುಗ್ಗುತ್ತದೆ, ತಡೆಯಲಾರದವು ಸಾಯುತ್ತವೆ. ಆದರೆ ನನ್ನ ಪ್ರಕಾರ ದೊಡ್ಡ ಲೆಕ್ಕ ವೇಗದ್ದು. ಮೊಟ್ಟೆಯಿಂದ ದೊಡ್ಡದಾಗಲು ನಮ್ಮ ಸೆಕೆಯಲ್ಲೂ ವಾರ, ಎರಡು ವಾರ ಬೇಕು. ಅಷ್ಟರೊಳಗೆ ಪ್ರವಾಹ ಕಡಲಿಗೆ ಸೇರಿಸಿರುತ್ತದೆ. ಕೆಂಪು ನೀರಿಗೆ ಬಿಸಿಲು ಇಳಿಯದೆ ತಿನ್ನುವ ಪಾಚಿಯೂ ಕಡಿಮೆ.
ಜುಲೈ ಹುಳುಗಳ ಮೀಸೆ ಗಿಡ್ಡ ಇತ್ತಾ? ಹಿಂದೆ ಎರಡು ಮೊಟ್ಟೆ ಚೀಲ? ಹಾಗಿದ್ದರೆ ಸೈಕ್ಲಾಪ್ಸ್ ಬಳಗ, ಅವೂ ಕೋಪೆಪಾಡ್‌ಗಳೇ. ಹೊಳೆಯ ಮೇಲ್ಭಾಗದ ಸಿಹಿನೀರಿನಿಂದ ತೇಲಿ ಬಂದಿರಬಹುದು.

ಬಾದಾಮಿ ಕಡೆಯವಳು:
ಸೈಕ್ಲಾಪ್ಸ್ ಅಂದ ಕೂಡಲೇ ನಮ್ಮಜ್ಜಿ ನೆನಪಾದಳು. ನಾರುಹುಣ್ಣಿನ ಭಯಕ್ಕೆ ಬಾವಿ ನೀರನ್ನು ಸೀರೆ ಮಡಚಿ ಸೋಸುತ್ತಿದ್ದಳು. ಆ ರೋಗದ ಮರಿಹುಳು ಇರುತ್ತಿದ್ದದ್ದು ಸೈಕ್ಲಾಪ್ಸ್ ಒಳಗೇ. 2000ದಲ್ಲಿ ದೇಶದಿಂದ ಅದು ಹೋಯಿತೆಂದು ಸರ್ಟಿಫಿಕೇಟ್ ಸಿಕ್ಕಿತು. ನಿಮ್ಮ ಧೋತರ ಹಳೇ ವಿದ್ಯೆ ಬಿಡಿ!

ಘಾಟಿ ಡ್ರೈವರ್:
ಗಿಡ್ಡ ಮೀಸೆ, ಎರಡು ಚೀಲ, ಹೌದು! ಹಾಗಾದರೆ ಜನವರಿಯವು ಮತ್ತೆ ಬರುವುದು ಎಲ್ಲಿಂದ?

ಚಿಕ್ಕೋಡಿಯವ:
ಕಡಲಿಂದ, ತಳದಿಂದ. ಉಪ್ಪು ನೀರು ಭಾರ, ಸಪ್ಪೆ ನೀರಿನ ಅಡಿಯಲ್ಲಿ ನುಸುಳುತ್ತದೆ. ಕೆಲವು ಜಾತಿಗಳ ಮೊಟ್ಟೆ ಕೆಸರಿನಲ್ಲೇ ಮಲಗಿ ಕಾಯುತ್ತವೆ. ಇನ್ನು ಕೆಲವು ಇಳಿತದ ಹೊತ್ತಿಗೆ ತಳ ಸೇರಿ, ಉಬ್ಬರಕ್ಕೆ ಮೇಲೇಳುತ್ತವೆ, ಕೊಚ್ಚಿಹೋಗದ ಹಾಗೆ. ನೀವು ಬಕೆಟ್ ಇಳಿಸಿದ್ದು ಯಾವಾಗ?

ಘಾಟಿ ಡ್ರೈವರ್:
ಬೆಳಿಗ್ಗೆ, ಬಸ್ ಬಿಡುವ ಮುಂಚೆ. ಉಬ್ಬರ ಇಳಿತ ಯಾರು ನೋಡಿದ್ದರು! ಅಕ್ಟೋಬರಿಗೆ ಬಕೆಟ್ಟಿಗೆ ಕಲ್ಲು ಕಟ್ಟಿ ತಳದ ನೀರು ಎತ್ತಲಾ?

ಚಿಕ್ಕೋಡಿಯವ:
ಬಕೆಟ್ ಬೇಡ, ಎಳೆಯುವಾಗ ಮೇಲಿನ ನೀರು ಬೆರೆಯುತ್ತದೆ. ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ. ತಳ ಮುಟ್ಟಿದ ಮೇಲೆ ಬಿರಡೆ ಎಳೆಯಿರಿ.