ಡೀಸೆಲ್ ಪಿಕಪ್‌ನವರು ಬಂಕಲ್ಲಿ ಇಂಜಿನ್ ಯಾಕೆ ಆಫ್ ಮಾಡಲ್ಲ?

ಮೂಗುಮುಚ್ಚಿ ಕೇಳಿದ್ದು:

ಬಹಳ ದಿನದಿಂದ ಕೇಳಬೇಕು ಅಂದುಕೊಂಡಿದ್ದೆ. ನಿನ್ನೆ ತಡೆಯಲಾಗಲಿಲ್ಲ.

ನಾನು ಓಡಿಸುವುದು ಸಣ್ಣ ಪೆಟ್ರೋಲ್ ಕಾರು. ಬಂಕಿಗೆ ಹೋದರೆ ಮೊದಲು ಇಂಜಿನ್ ಆಫ್, ಆಮೇಲೆ ಟ್ಯಾಂಕಿನ ಮುಚ್ಚಳ. ಡ್ರೈವಿಂಗ್ ಕಲಿಸಿದ ನಮ್ಮ ಮಾವ ಇದನ್ನು ಬೈದು ಬೈದು ರೂಢಿ ಮಾಡಿಸಿದ್ದರು. ನಿನ್ನೆ ನನ್ನ ಮುಂದೆ ಒಂದು ದೊಡ್ಡ ಡೀಸೆಲ್ ಪಿಕಪ್ ನಿಂತಿತ್ತು. ನಾಜಲ್ ಟ್ಯಾಂಕಿನೊಳಗಿದೆ, ಇಂಜಿನ್ ಗಡಗಡ ಅನ್ನುತ್ತಲೇ ಇದೆ, ಡ್ರೈವರ್ ಕೆಳಗಿಳಿದು ಆರಾಮಾಗಿ ಟೈರಿಗೆ ಒದ್ದು ನೋಡುತ್ತಿದ್ದಾನೆ. ಸೈಲೆನ್ಸರ್ ಬಾಯಿ ಸರಿಯಾಗಿ ನನ್ನ ಕಡೆಗೇ ಇತ್ತು. ಕಿಟಕಿ ಏರಿಸಿದರೂ ಹೊಗೆ ವಾಸನೆ ಒಳಗೆ ಬಂತು.

"ಅಣ್ಣಾ, ಆಫ್ ಮಾಡ್ತೀರಾ?" ಅಂದೆ. "ಡೀಸೆಲ್ಲು ಮೇಡಂ, ಏನೂ ಆಗಲ್ಲ" ಅಂದು ಇನ್ನೊಂದು ಟೈರಿನ ಕಡೆ ಹೋದ.

ಇದು ಒಬ್ಬನ ಕಥೆ ಅಲ್ಲ. ನಾನು ನೋಡಿದ ಪಿಕಪ್‌ನವರಲ್ಲಿ ಅರ್ಧ ಜನ ಹೀಗೇ. ನಿಜವಾಗಲೂ ಏನಾದರೂ ಕಾರಣ ಇದೆಯಾ, ಅಥವಾ ಸುಮ್ನೆ ಜಂಬವಾ? ಡೀಸೆಲ್ಲಿಗೆ ಬೆಂಕಿ ಹತ್ತಲ್ಲ ಅನ್ನುವುದು ನಿಜವಾ? ಗೊತ್ತಿರುವವರು ಹೇಳಿ. ಬೈಯುವುದಕ್ಕೆ ಕೇಳುತ್ತಿಲ್ಲ. ಸರಿ, ಸ್ವಲ್ಪ ಬೈಯುವುದಕ್ಕೂ ಹೌದು.

---

ಲೋಡ್‌ಗಾಡಿ ಬರೆದದ್ದು:

ಮೇಡಂ, ಆ ಅರ್ಧ ಜನರಲ್ಲಿ ನಾನೂ ಒಬ್ಬ. ಸುಳ್ಳು ಹೇಳಲ್ಲ. ಕೇಳಿದವರಿಗೆಲ್ಲ ನಾನು "ಟರ್ಬೊ ತಣ್ಣಗಾಗಬೇಕು" ಅನ್ನುತ್ತೇನೆ. ಕೇಳಿದರೆ ದೊಡ್ಡ ವಿಷಯ ಅನ್ನಿಸುತ್ತದೆ, ಯಾರೂ ಮುಂದೆ ಮಾತಾಡಲ್ಲ. ನಿಜವಾದ ಕಾರಣ ಬ್ಯಾಟರಿ.

ಒಂದು ಸಲ ಲೋಡ್ ಹಾಕಿಕೊಂಡು ಬಂಕಿಗೆ ಹೋಗಿ ಆಫ್ ಮಾಡಿದೆ. ಡೀಸೆಲ್ ಹಾಕಿಸಿ ಕೀ ತಿರುಗಿಸಿದರೆ ಟಿಕ್ ಅಂತು, ಅಷ್ಟೇ. ಸೆಲ್ಫ್ ಎಳೆಯಲೇ ಇಲ್ಲ. ಹಿಂದೆ ಆರು ಗಾಡಿ, ಆರಕ್ಕೂ ಹಾರ್ನ್ ಇದೆ. ಬಂಕಿನ ಹುಡುಗರು ಬಂದು ತಳ್ಳಿದರು. ಖಾಲಿ ಪಿಕಪ್ ತಳ್ಳುವುದೇ ಕಷ್ಟ, ಲೋಡ್ ಇದ್ದರೆ ಕೇಳಬೇಡಿ. ಒಬ್ಬ ಹುಡುಗನ ಚಪ್ಪಲಿ ಕಿತ್ತುಹೋಯಿತು. ಅವನು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಆವತ್ತಿಂದ ಬಂಕಲ್ಲಿ ಕೀ ಮುಟ್ಟಲ್ಲ. ಆಮೇಲೆ ಹೊಸ ಬ್ಯಾಟರಿ ಹಾಕಿಸಿದೆ, ಅಭ್ಯಾಸ ಮಾತ್ರ ಹಾಗೇ ಉಳಿಯಿತು. ಜಂಬ ಅಲ್ಲ ಮೇಡಂ, ಹೆದರಿಕೆ.

---

ಗ್ರೀಸ್‌ಕೈ ಬರೆದದ್ದು:

ಮೂವತ್ತು ವರ್ಷ ಡೀಸೆಲ್ ಇಂಜಿನ್ ಬಿಚ್ಚಿ ಕಟ್ಟಿದ್ದೇನೆ. ಈಗ ಮೊಣಕಾಲು ಬಗ್ಗುವುದಿಲ್ಲ, ಅದಕ್ಕೇ ಕೂತು ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಲೋಡ್‌ಗಾಡಿ ನಿಜ ಹೇಳಿದ್ದಾರೆ. ನನ್ನ ಹತ್ತಿರ ಬಂದ "ಟರ್ಬೊ" ಗಿರಾಕಿಗಳಲ್ಲಿ ಎಷ್ಟೋ ಜನರ ಗಾಡಿಯಲ್ಲಿ ಬ್ಯಾಟರಿ ಸತ್ತಿರುತ್ತಿತ್ತು. ಡೀಸೆಲ್ ಇಂಜಿನ್ನಿನಲ್ಲಿ ಪ್ಲಗ್ ಕಿಡಿ ಇಲ್ಲ. ಗಾಳಿಯನ್ನು ಹದಿನಾರು ಹದಿನೆಂಟು ಪಟ್ಟು ಒತ್ತಿ, ಆ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳಬೇಕು. ಅಷ್ಟು ಒತ್ತಡದ ವಿರುದ್ಧ ಇಂಜಿನ್ ತಿರುಗಿಸುವುದು ಸೆಲ್ಫ್ ಮೋಟಾರಿಗೆ ಹುಡುಗಾಟ ಅಲ್ಲ. ದೊಡ್ಡ ಪಿಕಪ್‌ಗಳಲ್ಲಿ ಎರಡೆರಡು ಬ್ಯಾಟರಿ ಇಡುವುದು ಅದಕ್ಕೇ. ಹಳೇ ಇಂಜಿನ್ನುಗಳಲ್ಲಿ ಒಳಗನ್ನು ಬಿಸಿಮಾಡುವ ಹೀಟರ್ ಪ್ಲಗ್ ಕೆಂಪಗೆ ಕಾಯುವ ತನಕ ಕೂರಬೇಕಿತ್ತು, ಚಳಿಯಲ್ಲಿ ಅರ್ಧ ನಿಮಿಷ. ಒಮ್ಮೆ ಸ್ಟಾರ್ಟ್ ಆದರೆ ಸಂಜೆವರೆಗೂ ಆಫ್ ಮಾಡಬಾರದು ಅನ್ನುವ ಬುದ್ಧಿ ಆ ಕಾಲದ್ದು. ಅಪ್ಪ ಮಗನಿಗೆ ಹೇಳಿಕೊಟ್ಟ, ಮಗ ಕ್ಲೀನರ್‌ಗೆ ಹೇಳಿಕೊಟ್ಟ. ಇಂಜಿನ್ ಬದಲಾಯಿತು, ಪಾಠ ಬದಲಾಗಲಿಲ್ಲ.

ಟರ್ಬೊ ವಿಷಯ ಪೂರ್ತಿ ಸುಳ್ಳಲ್ಲ. ಟರ್ಬೊ ಅಂದರೆ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್ನಿಗೆ ಗಾಳಿ ತುರುಕುವ ಚಕ್ರ. ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಜಾಸ್ತಿ ತಿರುಗುತ್ತದೆ. ಲೋಡ್ ಹಾಕಿಕೊಂಡು ಘಾಟಿ ಹತ್ತಿ ಬಂದಾಗ ಅದರ ಒಂದು ಬದಿ ಕೆಂಡದ ಹಾಗೆ ಕಾದಿರುತ್ತದೆ. ಅದನ್ನು ತಂಪಾಗಿಡುವುದು ಹರಿಯುವ ಇಂಜಿನ್ ಆಯಿಲ್. ಓಡಿಬಂದ ತಕ್ಷಣ ಆಫ್ ಮಾಡಿದರೆ ಆಯಿಲ್ ನಿಲ್ಲುತ್ತದೆ, ಬೇರಿಂಗ್ ಹತ್ತಿರ ಸಿಕ್ಕಿಬಿದ್ದ ನಾಲ್ಕು ಹನಿ ಸುಟ್ಟು ಕಪ್ಪು ಕಾರ್ಬನ್ ಕಟ್ಟುತ್ತದೆ. ಅಂಥ ಟರ್ಬೊ ನಾನು ಬಿಚ್ಚಿದ್ದೇನೆ. ದೋಸೆ ಕಾವಲಿಗೆ ಹತ್ತಿದ ಸೀಕಲಿನ ಹಾಗೆ ಅಂಟಿಕೊಂಡಿರುತ್ತದೆ, ಉಗುರಿಗೆ ಬರುವುದಿಲ್ಲ, ಸ್ಕ್ರೂಡ್ರೈವರ್ ತುದಿಯಲ್ಲಿ ಕೆರೆಯಬೇಕು.

ಆದರೆ ಅದಕ್ಕೆ ಬೇಕಿರುವುದು ಒಂದೆರಡು ನಿಮಿಷ ಐಡ್ಲಿಂಗ್, ಅಂದರೆ ನಿಂತಲ್ಲೇ ಇಂಜಿನ್ ಓಡುವುದು, ಅಷ್ಟೇ. ಊರೊಳಗೆ ನಿಧಾನವಾಗಿ ಓಡಿಸಿಕೊಂಡು ಬಂದಿದ್ದರೆ ಅದೂ ಬೇಡ, ದಾರಿಯಲ್ಲೇ ತಣ್ಣಗಾಗಿರುತ್ತದೆ. ಈಗಿನ ಎಷ್ಟೋ ಟರ್ಬೊಗಳಿಗೆ ನೀರಿನ ತಂಪೂ ಇದೆ. ಘಾಟಿ ಹತ್ತಿಯೇ ಬಂದಿರಿ ಅಂತ ಇಟ್ಟುಕೊಳ್ಳಿ, ಪಂಪಿನಿಂದ ದೂರ, ಪಕ್ಕದಲ್ಲಿ ನಿಲ್ಲಿಸಿ ಎರಡು ನಿಮಿಷ ಬಿಡಿ. ಆಮೇಲೆ ಪಂಪಿಗೆ ಬನ್ನಿ. ನಾಜಲ್ ಟ್ಯಾಂಕಿನಲ್ಲಿ ಇರುವಾಗಲೇ ತಣ್ಣಗಾಗಬೇಕು ಅಂತ ಟರ್ಬೊ ಏನೂ ಕೇಳುವುದಿಲ್ಲ.

ಈಗ ಮೇಡಂ ಕೇಳಿದ ಮುಖ್ಯ ಪ್ರಶ್ನೆ, ಡೀಸೆಲ್ಲಿಗೆ ಬೆಂಕಿ ಹತ್ತಲ್ವಾ? ಹತ್ತುತ್ತದೆ. ಸುಲಭವಾಗಿ ಹತ್ತುವುದಿಲ್ಲ, ಅಷ್ಟೇ. ಉರಿಯುವುದು ಎಣ್ಣೆ ಅಲ್ಲ, ಅದರಿಂದ ಏಳುವ ಆವಿ. ಪೆಟ್ರೋಲಿನಿಂದ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿಗೆ ಸಾಕಾಗುವಷ್ಟು ಆವಿ ಏಳುತ್ತದೆ. ಡೀಸೆಲ್ಲಿನಿಂದ ಅಷ್ಟು ಆವಿ ಬರಬೇಕಾದರೆ ಅದು ಚೆನ್ನಾಗಿ ಬಿಸಿಯಾಗಬೇಕು. ಹಾಗಾಗಿ ನಿಮ್ಮ ಮುಂದಿದ್ದ ಅಣ್ಣ ತನ್ನ ಟ್ಯಾಂಕಿನ ಮಟ್ಟಿಗೆ ಹೇಳಿದ್ದು ಬಹುಪಾಲು ಸರಿ.

ಅವರು ಮರೆತದ್ದು ಎರಡು. ಒಂದು, ಕಿಡಿ ಇಲ್ಲದೆ ಬರೀ ಶಾಖಕ್ಕೆ ಹೊತ್ತಿಕೊಳ್ಳುವುದರಲ್ಲಿ ಡೀಸೆಲ್ಲೇ ಮುಂದು. ಅದು ಹಾಗಿರುವುದರಿಂದಲೇ ಪ್ಲಗ್ ಇಲ್ಲದೆ ಇಂಜಿನ್ ಓಡುತ್ತದೆ. ಕಾದ ಸೈಲೆನ್ಸರ್ ಪೈಪಿನ ಮೇಲೆ ಡೀಸೆಲ್ ಚೆಲ್ಲಿದರೆ "ಏನೂ ಆಗಲ್ಲ" ಅನ್ನುವಂತಿಲ್ಲ.

ಎರಡನೆಯದು ಇನ್ನೂ ದೊಡ್ಡದು. ಬಂಕಲ್ಲಿ ಇರುವುದು ಡೀಸೆಲ್ ಒಂದೇ ಅಲ್ಲ, ಪಕ್ಕದ ಪಂಪಲ್ಲಿ ಪೆಟ್ರೋಲ್ ಇದೆ. ಪೆಟ್ರೋಲ್ ಇಂಜಿನ್ನಿಗೆ ಥ್ರಾಟಲ್ ಇದೆ, ಅದು ಗಾಳಿಯನ್ನು ತಡೆಯುತ್ತದೆ. ಡೀಸೆಲ್ ಇಂಜಿನ್ ಹಾಗಲ್ಲ. ಗಾಳಿ ಸಲೀಸಾಗಿ ಎಳೆದುಕೊಳ್ಳುತ್ತದೆ, ವೇಗ ನಿರ್ಧರಿಸುವುದು ಎಷ್ಟು ಡೀಸೆಲ್ ಬಿಡುತ್ತೀರಿ ಅನ್ನುವುದು. ಆ ಗಾಳಿಯಲ್ಲೇ ಉರಿಯುವ ಆವಿ ಬೆರೆತು ಬಂದರೆ? ಇಂಜಿನ್ ತಾನೇ ರೇಸ್ ಆಗುತ್ತದೆ. ಕೀ ತೆಗೆದರೆ ಡೀಸೆಲ್ ನಿಲ್ಲುತ್ತದೆ, ಆವಿ ನಿಲ್ಲಲ್ಲ. ಗಾಳಿಯ ದಾರಿ ಮುಚ್ಚಿದರೆ ಇಂಜಿನ್ ನಿಲ್ಲುತ್ತದೆ.

ಕಥೆ ಅಂದುಕೊಳ್ಳಬೇಡಿ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ಒಂದು ರಿಫೈನರಿಯಲ್ಲಿ ಎತ್ತರದ ಕೊಳವೆಯಿಂದ ಪೆಟ್ರೋಲಿನಂಥ ದ್ರವ ಉಕ್ಕಿ ಸುರಿದು ಆವಿ ಹರಡಿತು. ಹತ್ತಿರದಲ್ಲೇ ಒಂದು ಡೀಸೆಲ್ ಪಿಕಪ್ ಐಡ್ಲಿಂಗ್‌ನಲ್ಲಿ ನಿಂತಿತ್ತು. ಅದರ ಇಂಜಿನ್ ಇದ್ದಕ್ಕಿದ್ದ ಹಾಗೆ ರೇಸ್ ಆಯಿತು. ಆಮೇಲೆ ಸ್ಫೋಟ. 15 ಜನ ಸತ್ತರು, 180 ಜನ ಗಾಯಗೊಂಡರು. ಬೆಂಕಿ ಹತ್ತಿಸಿದ್ದು ಬಹುಶಃ ಆ ಪಿಕಪ್ಪೇ ಅಂತ ತನಿಖೆಯವರು ಬರೆದರು. ಬಂಕಲ್ಲಿ ಅಷ್ಟು ಆವಿ ಇರಲ್ಲ, ಒಪ್ಪಿದೆ. ಆದರೆ ಟ್ಯಾಂಕರ್ ಇಳಿಸುವಾಗ ಪೈಪ್ ಕಳಚಿತು, ಪಕ್ಕದವನ ಟ್ಯಾಂಕ್ ಉಕ್ಕಿ ಹರಿಯಿತು ಅಂದಾಗ ನಿಮ್ಮ ಇಂಜಿನ್ ಓಡುತ್ತಿರಬಾರದು.

ಇನ್ನು ಹೊಗೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿತು. ಅದನ್ನು ಮೂವತ್ತು ವರ್ಷ ಕುಡಿದವನು ನಾನು. ಮೇಡಂ ಬೈಯಲಿ ಬಿಡಿ.

---

ನಾಜಲ್ ಹಿಡಿದವ ಬರೆದದ್ದು:

ಬಂಕಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೆ. ಸ್ಫೋಟ ನೋಡಿಲ್ಲ, ದೇವರ ದಯೆ. ನನಗೆ ಭಯ ಇದ್ದದ್ದು ಬೇರೆ ಎರಡಕ್ಕೆ.

ಒಂದು ಸಲ ಡ್ರೈವರ್ ಇಂಜಿನ್ ಓಡುತ್ತಿರುವಾಗಲೇ ಕೆಳಗಿಳಿದ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದಿರಲಿಲ್ಲ. ಗಾಡಿ ಮೆಲ್ಲಗೆ ಮುಂದೆ ಸರಿಯಿತು. ಕೂಗುವ ಹೊತ್ತಿಗೆ ಪೈಪ್ ಹಗ್ಗದ ಹಾಗೆ ಬಿಗಿದುಕೊಂಡಿತ್ತು. ಇನ್ನೊಂದು ಅಡಿ ಸರಿದಿದ್ದರೆ ಕಿತ್ತುಬರುತ್ತಿತ್ತು, ಅಷ್ಟೇ. ಅವನು ಹಾರಿ ಬ್ರೇಕ್ ಒತ್ತಿದ. ಇಂಜಿನ್ ಆಫ್ ಮಾಡಿ ಗೇರಲ್ಲಿ ಬಿಟ್ಟಿದ್ದರೆ ಗಾಡಿ ಅಲ್ಲಾಡುತ್ತಿರಲಿಲ್ಲ.

ಇನ್ನೊಂದು ನನ್ನದೇ ತಪ್ಪು. ಹೊಸದರಲ್ಲಿ, ರಾತ್ರಿ ಪಾಳಿಯಲ್ಲಿ, ಪಿಕಪ್ಪಿಗೆ ಪೆಟ್ರೋಲ್ ನಾಜಲ್ ಹಾಕಿಬಿಟ್ಟೆ. ನಾಲ್ಕೈದು ಲೀಟರ್ ಹೋದ ಮೇಲೆ ಗೊತ್ತಾಯಿತು. ಇಂಜಿನ್ ಆಫ್ ಆಗಿದ್ದರೆ ಟ್ಯಾಂಕ್ ಇಳಿಸಿ, ತೊಳೆದು ಹಾಕಿದರೆ ಮುಗಿಯುತ್ತಿತ್ತು. ಅದು ಓಡುತ್ತಿತ್ತು. ನಾನು ಕೂಗಿ ಆಫ್ ಮಾಡಿಸುವಷ್ಟರಲ್ಲಿ ಇಂಜಿನ್ನಿನ ಪಂಪು ಪೆಟ್ರೋಲ್ ಎಳೆದುಕೊಂಡಿತ್ತು. ಡ್ರೈವರ್ ಬೈಯಲಿಲ್ಲ. ಬಾನೆಟ್ ಮೇಲೆ ಕೈಯಿಟ್ಟು ಸುಮ್ನೆ ನಿಂತ. ಬೈದಿದ್ದರೆ ಚೆನ್ನಾಗಿತ್ತು.

---

ಗ್ರೀಸ್‌ಕೈ ಬರೆದದ್ದು:

ಇದನ್ನು ನಾನೇ ಹೇಳಬೇಕಿತ್ತು, ಮರೆತೆ. ಇಂಜಿನ್ನಿನಲ್ಲಿರುವ ಡೀಸೆಲ್ ಪಂಪಿಗೆ ಡೀಸೆಲ್ಲೇ ಆಯಿಲ್. ಅದರಲ್ಲಿರುವ ಜಿಡ್ಡಿನಿಂದಲೇ ಒಳಗಿನ ಭಾಗಗಳು ಜಾರುತ್ತವೆ. ಪೆಟ್ರೋಲಿಗೆ ಆ ಜಿಡ್ಡಿಲ್ಲ. ಈಗಿನ ಇಂಜಿನ್ನುಗಳಲ್ಲಿ 2000 ಬಾರ್ ಆಸುಪಾಸು, ಅಂದರೆ ಸುತ್ತಲಿನ ಗಾಳಿಯ ಸುಮಾರು ಎರಡು ಸಾವಿರ ಪಟ್ಟು ಒತ್ತಡ, ಜಿಡ್ಡಿಲ್ಲದೆ ತಿರುಗಿದರೆ ಲೋಹಕ್ಕೆ ಲೋಹ ಉಜ್ಜಿ ಪುಡಿ ಏಳುತ್ತದೆ. ಆ ಪುಡಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ತನಕ ಹೋಗುತ್ತದೆ. ಬಿಲ್ ನೋಡಿ ಕೂತುಬಿಟ್ಟವರನ್ನು ನೋಡಿದ್ದೇನೆ. ನನ್ನ ಕೇಳಿದರೆ, ಬಂಕಲ್ಲಿ ಆಫ್ ಮಾಡಲು ಇದೊಂದೇ ಕಾರಣ ಸಾಕು.

---

ಹೊಸಪಿಕಪ್ ಬರೆದದ್ದು:

ಒಂದು ಡೌಟು. ನನ್ನದು ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇರುವ ಗಾಡಿ. ಫಿಲ್ಟರ್ ಮಸಿ ಸುಡುವಾಗ ಆಫ್ ಮಾಡಬಾರದು ಅಂತ ಶೋರೂಮಲ್ಲಿ ಹೇಳಿದ್ದರು. ಬಂಕಿಗೆ ಹೋದಾಗ ಅದು ನಡೀತಾ ಇದ್ದರೆ?

---

ಗ್ರೀಸ್‌ಕೈ ಬರೆದದ್ದು:

ಹಾಗಿದ್ದರೆ ಬಂಕಿಗೇ ಹೋಗಬೇಡಿ, ಮುಗಿಸಿಕೊಂಡು ಹೋಗಿ. ಮಸಿ ಸುಡುವಾಗ ಫಿಲ್ಟರಿನೊಳಗೆ 600 ಡಿಗ್ರಿ ಹತ್ತಿರ ಇರುತ್ತದೆ, ಸೈಲೆನ್ಸರಿನಿಂದ ಬರುವ ಗಾಳಿಯೂ ಬೆಂಕಿಯಂತೆ ಬಿಸಿ. ಪಂಪಿನ ಪಕ್ಕ ಅದು ಬೇಡ. ಐಡ್ಲಿಂಗ್ ಸ್ವಲ್ಪ ಏರಿದೆ, ಫ್ಯಾನ್ ಜೋರಾಗಿ ತಿರುಗುತ್ತಿದೆ, ಸುಟ್ಟ ವಾಸನೆ ಇದೆ ಅಂದರೆ ಅದು ನಡೆಯುತ್ತಿದೆ ಅಂತಲೇ ಅರ್ಥ. ಇನ್ನೊಂದು ಹತ್ತು ಹದಿನೈದು ನಿಮಿಷ ಓಡಿಸಿ. ಡೀಸೆಲ್ ತೀರಾ ತಳಕ್ಕೆ ಬಂದಿದ್ದರೆ ಆಫ್ ಮಾಡಿ ಹಾಕಿಸಿ. ಒಂದು ಸಲ ಅರ್ಧಕ್ಕೆ ನಿಂತರೆ ಪ್ರಳಯ ಆಗಲ್ಲ, ಮುಂದಿನ ಓಟದಲ್ಲಿ ಮತ್ತೆ ಶುರುವಾಗುತ್ತದೆ. ದಿನಾ ಹಾಗೆ ಮಾಡಬೇಡಿ, ಅಷ್ಟೇ. ಇನ್ನೊಂದು, ಐಡ್ಲಿಂಗ್‌ನಲ್ಲಿ ಇಂಜಿನ್ ತಣ್ಣಗೆ ಓಡಿ ಮಸಿ ಜಾಸ್ತಿ ಕಟ್ಟುತ್ತದೆ. ಡಿಪಿಎಫ್ ಇರುವವರು ಸುಮ್ನೆ ಓಡಿಸುತ್ತಾ ನಿಂತರೆ ಅವರ ಫಿಲ್ಟರಿಗೇ ನಷ್ಟ.

---

ಮೂಗುಮುಚ್ಚಿ ಬರೆದದ್ದು:

ಇಷ್ಟೆಲ್ಲಾ ಇದೆ ಅಂತ ಗೊತ್ತಿರಲಿಲ್ಲ. ಮುಂದಿನ ಸಲ ಟರ್ಬೊ ಅಂದರೆ ನಾನು ಪೆಟ್ರೋಲ್ ನಾಜಲ್ ಕಥೆ ಹೇಳುತ್ತೇನೆ. ಲೋಡ್‌ಗಾಡಿ ಅಣ್ಣಾ, ಚಪ್ಪಲಿ ಕೊಡಿಸಿದಿರಾ ಆ ಹುಡುಗನಿಗೆ?

---

ಲೋಡ್‌ಗಾಡಿ ಬರೆದದ್ದು:

ಕೊಡಿಸಿದೆ ಮೇಡಂ, ಮರುದಿನವೇ. ಸೈಜ್ ಕೇಳದೆ ತಂದೆ, ದೊಡ್ಡದಾಯಿತು.

ಇವತ್ತು ಇದನ್ನೆಲ್ಲ ಓದಿ ಧೈರ್ಯ ಮಾಡಿ ಬಂಕಲ್ಲಿ ಆಫ್ ಮಾಡಿದೆ. ಸ್ಟಾರ್ಟ್ ಆಯಿತು, ಆದರೆ ಮೂರನೇ ಸೆಲ್ಫಿಗೆ. ಗ್ರೀಸ್‌ಕೈ ಸರ್, ಬ್ಯಾಟರಿ ಹಾಕಿ ವರ್ಷವೂ ಆಗಿಲ್ಲ, ಮತ್ತೆ ಹೊಸದು ಹಾಕಬೇಕಾ?

---

ಗ್ರೀಸ್‌ಕೈ ಬರೆದದ್ದು:

ದುಡ್ಡು ಬಿಚ್ಚಬೇಡಿ. ಮೊದಲು ಬಾನೆಟ್ ತೆಗೆದು ಬ್ಯಾಟರಿ ಟರ್ಮಿನಲ್ ನೋಡಿ. ಬಿಳಿ, ಹಸಿರು ಪುಡಿ ಕೂತಿದೆಯಾ? ಇದ್ದರೆ ಮೈನಸ್ ವೈರ್ ಮೊದಲು ಬಿಚ್ಚಿ, ಬಿಸಿನೀರು ಹಾಕಿ ಉಜ್ಜಿ, ಒರೆಸಿ, ಬಿಗಿಯಾಗಿ ಹಾಕಿ. ಅರ್ತ್ ವೈರ್ ಬಾಡಿಗೆ ಸೇರುವ ಕಡೆ ತುಕ್ಕು ಹಿಡಿದಿದೆಯಾ ಅಂತಲೂ ನೋಡಿ.

---

ಲೋಡ್‌ಗಾಡಿ ಬರೆದದ್ದು:

ಈಗ ನೋಡಿದೆ ಸರ್. ಪುಡಿ ಇದೆಯಾ ಅಂತ ಕೇಳಿದಿರಿ. ಅಲ್ಲಿ ಟರ್ಮಿನಲ್ಲೇ ಕಾಣಿಸುತ್ತಿಲ್ಲ.