ತಾತನ ಟ್ರಂಕಲ್ಲಿ ಮುನ್ನೂರು ಪತ್ರ ಇದೆ, ಕೊಟ್ಟೋರು ಇಟ್ಕೊಂಡೋರು ಅನುಭವ ಹೇಳಿ

ತುಮಕೂರ್_ಹುಡುಗ:
ನಮ್ಮ ತಾತ ಲೈಬ್ರರಿಯನ್ ಆಗಿದ್ರು. ಅವರ ಟ್ರಂಕಲ್ಲಿ 1962ರಿಂದ 85ರ ತನಕದ ಕಾರ್ಡು, ಇನ್‌ಲ್ಯಾಂಡ್ ಲೆಟರ್ ಸುಮಾರು ಮುನ್ನೂರು ಸಿಕ್ಕಿದೆ. ಬರೆದಿರೋರು ಸಾಹಿತಿಗಳು, ಇಬ್ಬರು ಪತ್ರಕರ್ತರು, ಬೇರೆ ಊರಿನ ಲೈಬ್ರರಿಯನ್‌ಗಳು. ಮನೆ ಮಾರಿದೀವಿ, 20ನೇ ತಾರೀಕು ಬೀಗದ ಕೈ ಕೊಡಬೇಕು. ಯಾವುದಾದ್ರೂ ಸಂಸ್ಥೆಗೆ ಕೊಡ್ಲಾ, ಇಟ್ಕೊಳ್ಲಾ? ಟ್ರಂಕಿನ ಒಂದು ಮೂಲೆಗೆ ಗೆದ್ದಲು ಬೇರೆ ಬಂದಿದೆ.

ಧಾರವಾಡ_ಮಂದಿ:
ಕೊಡಬ್ಯಾಡ್ರಿ. ನಾವು ಕೊಟ್ಟು ಕೂತೀವಿ. ನಮ್ಮ ಅಪ್ಪಾರವು 412 ಪತ್ರ, ಯಾರಿಂದ ಯಾರಿಗೆ, ಯಾವ ತಾರೀಖು ಅಂತ ನಮ್ಮಾಕಿ ಐದು ತಿಂಗಳು ಕೂತು ನೋಟ್‌ಬುಕ್ಕಿನಾಗ ಬರದಾಳ. ಟ್ಯಾಕ್ಸಿ 2,300, ಡ್ರೈವರ್ ಊಟಾ 140, ಅದೂ ನಂದ. ಸಂಸ್ಥೆಯವ್ರು ಕೊಟ್ಟ ರಸೀದಿಯೊಳಗ ಏನಿತ್ತು ಗೊತ್ತೇನ್ರಿ? 'ಹಳೇ ಕಾಗದ, ಗಂಟು 1'. ನಾಲ್ಕು ವರ್ಷ ಆದಮ್ಯಾಲೆ ಒಬ್ಬ ಪಿಎಚ್‌ಡಿ ಹುಡುಗನ್ನ ಕರಕೊಂಡು ಹೋದ್ರ ಅನುಮತಿ ಪತ್ರ ತರ್ರಿ ಅಂದ್ರು. ನಮ್ಮಪ್ಪನ ಪತ್ರ ನೋಡಾಕ ನನಗ ಅನುಮತಿ! ದೂರದಿಂದನ ಕಂಡೆ, ಗಂಟು ಬಿಚ್ಚೇ ಇಲ್ಲ, ನಮ್ಮಾಕಿ ಕಟ್ಟಿದ ಅದ ಹಳದಿ ದಾರ.

ಕರಾವಳಿ_ಕಾಗದ:
ಇಟ್ಟುಕೊಂಡವರ ಕಥೆಯೂ ಕೇಳಿ ಮಾರಾಯ್ರೆ. ನಾನು ಲ್ಯಾಮಿನೇಶನ್ ಮಾಡಿಸಿದೆ. 186 ಕಾರ್ಡು, ಒಂದಕ್ಕೆ 15 ರೂಪಾಯಿ, 2,790. ನೂರು ವರ್ಷ ಬರ್ತದೆ ಅಂದ ಅಂಗಡಿಯವ. ಎರಡು ಮಳೆಗಾಲ ಚೆಂದ ಇತ್ತು, ಮೂರನೇದರಲ್ಲಿ ಅಂಚಿನಿಂದ ಪಸೆ ಹತ್ತಿ ಶಾಯಿ ಹರಡಿತು, ಸಹಿ ಯಾವುದು ಒಕ್ಕಣೆ ಯಾವುದು ಗೊತ್ತಾಗುದಿಲ್ಲ. ಬಿಸಿಗೆ ಕರಗಿ ಅಂಟಿದ ಪ್ಲಾಸ್ಟಿಕ್ ಎಳೆದರೆ ಕಾಗದವೇ ಬರ್ತದೆ. ಉಡುಪಿ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಮೊದಲೇ ಒಂದು ಮಾತು ಕೇಳ್ಬೇಕಿತ್ತು ಅಂತ ಈಗ ಅನಿಸ್ತದೆ.

ಲಾ_ಪಾಯಿಂಟ್:
ಕಾಗದ ನಿಮ್ಮ ತಾತಂದು, ಬರಹದ ಹಕ್ಕು ಬರೆದವರ ಮನೆಯವರದ್ದು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದವರು ತೀರಿಕೊಂಡ ಮೇಲೆ 60 ವರ್ಷ. ಬೇಂದ್ರೆ ಹೋಗಿದ್ದು 1981, ಅವರು ಇದ್ದಾಗ ಅಚ್ಚಾಗಿದ್ದಕ್ಕೇ 2041 ಮುಗಿಯೋ ತನಕ ಲೆಕ್ಕ. ಬರೆದವರು ಹೋದ ಮೇಲೆ ಮೊದಲ ಸಲ ಅಚ್ಚಾದ್ರೆ, ಅಚ್ಚಾದಾಗಿಂದ 60. ಇದು ನಂಗೆ ಗೊತ್ತಾಗಿದ್ದು 68,000 ಖರ್ಚು ಮಾಡಿ ಪತ್ರಗಳ ಪುಸ್ತಕ 500 ಪ್ರತಿ ಹಾಕ್ಸಿದ ಮೇಲೆ. ಒಂದು ಪತ್ರದಲ್ಲಿ ಸಾಹಿತಿ ಪತ್ರಕರ್ತರ ಹತ್ರ ಇನ್ನೂರು ರೂಪಾಯಿ ಸಾಲ ಕೇಳಿದ್ರು ಅಷ್ಟೇ, ಆ ಸಾಹಿತಿ ಮಗಳು ನೋಟಿಸ್ ಕಳಿಸಿದ್ರು. 463 ಪುಸ್ತಕ ಅಟ್ಟದ ಮೇಲಿದೆ, ಬೇಕಾದ್ರೆ ಹೇಳಿ. ಬೇಡ, ಹೇಳ್ಬೇಡಿ.

ರಿಟೈರ್ಡ್_ಗ್ರಂಥಪಾಲಕ:
ಯಾರೂ ಮೂಲ ಪ್ರಶ್ನೆ ಕೇಳ್ತಿಲ್ಲ. ಆ ಕಾರ್ಡುಗಳ ಮೇಲೆ ವಿಳಾಸ ಏನಿದೆ? 'ಗ್ರಂಥಪಾಲಕರು' ಅಂತ ಹುದ್ದೆ ಹೆಸರಿಗೆ ಬಂದಿದ್ರೆ ಅದು ಕಚೇರಿ ಟಪಾಲು, ಮನೆಗೆ ತಂದಿದ್ದೇ ತಪ್ಪು. ನಾನು 31 ವರ್ಷದಲ್ಲಿ ಒಂದು ಕಾರ್ಡೂ ಮನೆಗೆ ತರ್ಲಿಲ್ಲ, ಎಲ್ಲಕ್ಕೂ ಇನ್‌ವರ್ಡ್ ನಂಬರ್ ಹಾಕಿ ಫೈಲ್ ಮಾಡಿದ್ದೀನಿ.

ಧಾರವಾಡ_ಮಂದಿ:
ಆ ಫೈಲ್ ಈಗ ಎಲ್ಲಿ ಅದಾವ ಸರ?

ರಿಟೈರ್ಡ್_ಗ್ರಂಥಪಾಲಕ:
ಕಟ್ಟಡ ರಿಪೇರಿ ಟೈಮಲ್ಲಿ ಹಳೇ ರೆಕಾರ್ಡ್ ವಿಲೇವಾರಿ ಆಯ್ತು. ನಿಯಮದ ಪ್ರಕಾರವೇ ಆಯ್ತು.

ಧಾರವಾಡ_ಮಂದಿ:
ರದ್ದಿಗೆ ಹಾಕಿದ್ರು ಅಂತ ಸೀದಾ ಹೇಳ್ರಲ್ಲ.

ರಿಟೈರ್ಡ್_ಗ್ರಂಥಪಾಲಕ:
ಗಂಟು ಕಟ್ಟಿ ಯಾರದೋ ಬಾಗಿಲಲ್ಲಿ ಇಟ್ಟು ಬಂದು ಇಲ್ಲಿ ಗೋಳಾಡೋದಕ್ಕಿಂತ ವಾಸಿ.

ಜಯನಗರ್_4ಟಿ:
ಜಗಳ ಆಮೇಲೆ ಆಡಿ. ಸ್ಕ್ಯಾನ್ ಮಾಡೋದಾದ್ರೆ ಕಾರ್ಡಿನ ಎರಡೂ ಕಡೆ ಮಾಡಿ ದಯವಿಟ್ಟು. ನಾನು ಹನ್ನೊಂದು ಭಾನುವಾರ ಕೂತು ಬರಹ ಇರೋ ಕಡೆ ಮಾತ್ರ ಮಾಡಿದೆ. ನಮ್ಮ ದೊಡ್ಡಪ್ಪನ ಫ್ರೆಂಡುಗಳು ತಾರೀಕು ಹಾಕೋ ಪೈಕಿನೇ ಅಲ್ಲ, 'ಸೋಮವಾರ, ಮಳೆ' ಅಂತ ಬರೆಯೋರು, ಯಾವ ವರ್ಷದ ಸೋಮವಾರ ಅಂತ ಗೊತ್ತಾಗ್ಬೇಕಾದ್ರೆ ಅಂಚೆ ಮುದ್ರೆನೇ ನೋಡ್ಬೇಕು. ವಾಪಸ್ ಹೋಗಿ ಕೇಳಿದ್ರೆ ಕಸಿನ್ ಮಗ ಸ್ಟಾಂಪ್ ಕಲೆಕ್ಷನ್ನಿಗೆ ಅಂತ ಅಷ್ಟನ್ನೂ ಕತ್ತರಿಸಿಟ್ಟಿದ್ದ. ಸ್ಟಾಂಪ್ ಜೊತೆ ಮುದ್ರೆನೂ ಹೋಯ್ತು, ಹಿಂದಿನ ಎರಡು ಸಾಲೂ ಹೋಯ್ತು.

ತುಮಕೂರ್_ಹುಡುಗ:
ಎಲ್ರಿಗೂ ಥ್ಯಾಂಕ್ಸ್. ಗೆದ್ದಲಿಗೆ ಏನು ಮಾಡ್ಲಿ? ಇವತ್ತು 14 ಆಯ್ತು.

ಕರಾವಳಿ_ಕಾಗದ:
ನುಸಿ ಗುಳಿಗೆ ಹಾಕಿ.

ಧಾರವಾಡ_ಮಂದಿ:
ನುಸಿ ಗುಳಿಗಿಗೆ ಗೆದ್ದಲು ಹೆದರ್ತದೇನ್ರಿ? ಬಜಿ ಬೇರು ಇಡ್ರಿ, ಹಿಂದಿನ ಮಂದಿ ಓಲೆಗರಿ ಕಟ್ಟಿನಾಗ ಅದನ್ನ ಇಡತಿದ್ರು.

ರಿಟೈರ್ಡ್_ಗ್ರಂಥಪಾಲಕ:
ಬಜೆ ಹುಳಕ್ಕೆ, ಗೆದ್ದಲಿಗಲ್ಲ. ತಿಳಿದೋರು ಮಾತಾಡ್ಲಿ.

ಧಾರವಾಡ_ಮಂದಿ:
ನಿಮ್ಮ ರೆಕಾರ್ಡ್ ರೂಮಿಗೆ ಏನ್ ಹಾಕಿದ್ರಿ ಸರ, ಅದನ್ನರ ಹೇಳ್ರಿ.