ಹಂಚಿಕೆಯಾದ ಫ್ಲ್ಯಾಟನ್ನು ಜಿಪಿಎ ನಂಬಿ ಕೊಳ್ಳಬಹುದೇ?

ಪ್ರಶ್ನೆ ಕೇಳಿದವರು, ಬೆಂಗಳೂರು:

ಸರ್ಕಾರಿ ಗೃಹ ಯೋಜನೆಯೊಂದರಲ್ಲಿ ಕಟ್ಟಿದ ಎರಡು ಬೆಡ್‌ರೂಮಿನ ಫ್ಲ್ಯಾಟನ್ನು 52 ಲಕ್ಷ ರೂಪಾಯಿಗೆ ಕೊಳ್ಳುವ ಮಾತುಕತೆ ನಡೆದಿದ್ದು, ಒಂದು ಲಕ್ಷ ಮುಂಗಡವನ್ನೂ ಕೊಟ್ಟಿದ್ದೇನೆ. ದಾಖಲೆ ಕೇಳಿದಾಗ ಮಾರಾಟಗಾರರು ಹಳೆಯ ಪ್ಲಾಸ್ಟಿಕ್ ಕವರಿನಿಂದ ತೆಗೆದು ತೋರಿಸಿದ್ದು 1998ರ ಹಂಚಿಕೆ ಪತ್ರ, ಸ್ವಾಧೀನ ಪತ್ರ ಮತ್ತು ಲೀಸ್ ಕಂ ಸೇಲ್ ಕರಾರು (ಮೊದಲು ಲೀಸಿಗೆ ಕೊಟ್ಟು ಆಮೇಲೆ ಕ್ರಯ ಮಾಡಿಕೊಡುವ ಒಪ್ಪಂದ). ಮೂರೂ ಮೂಲ ಹಂಚಿಕೆದಾರರ ಹೆಸರಿನಲ್ಲಿವೆ. 2006ರಲ್ಲಿ ಅವರು ಈ ಮಾರಾಟಗಾರರಿಂದ ಪೂರ್ತಿ ಹಣ ಪಡೆದು, ನೋಟರಿ ಮುಂದೆ ಮಾರಾಟದ ಕರಾರು, ಜಿಪಿಎ (ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಕೊಡುವ ಪತ್ರ) ಮತ್ತು ಒಂದು ಉಯಿಲನ್ನು ಬರೆದುಕೊಟ್ಟಿದ್ದಾರೆ. ಮನೆ ಹಂಚಿದ ಸಂಸ್ಥೆಯಿಂದ ಶುದ್ಧ ಕ್ರಯಪತ್ರ, ಅಂದರೆ ಪೂರ್ಣ ಮಾಲೀಕತ್ವ ಕೊಡುವ ಪತ್ರ, ಇಂದಿಗೂ ಆಗಿಲ್ಲ. ಮೂಲ ಹಂಚಿಕೆದಾರರು 2015ರಲ್ಲಿ ತೀರಿಕೊಂಡಿದ್ದಾರೆ. ಇದೇ ಕಾಗದಗಳ ಆಧಾರದ ಮೇಲೆ ನನಗೂ ಜಿಪಿಎ ಮಾಡಿಕೊಡುತ್ತೇವೆ, ಎಲ್ಲರೂ ಹೀಗೇ ಕೊಳ್ಳುತ್ತಾರೆ ಎಂದು ಮಧ್ಯವರ್ತಿ ಹೇಳುತ್ತಿದ್ದಾರೆ. ಮುಂದುವರಿಯಬಹುದೇ?

ವಕೀಲರು, ಮೈಸೂರು:

ಈ ರೂಪದಲ್ಲಿ ಮುಂದುವರಿಯಬೇಡಿ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಸ್ಥಿರಾಸ್ತಿ ನೋಂದಾಯಿತ ಕ್ರಯಪತ್ರದಿಂದಲೇ ಕೈ ಬದಲಾಗಬೇಕು. ಕರಾರು, ಜಿಪಿಎ, ಉಯಿಲು ಈ ಮೂರನ್ನೂ ಒಟ್ಟಿಗೆ ಕಟ್ಟಿಕೊಟ್ಟರೂ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ನಿಮ್ಮ ಪ್ರಕರಣದಲ್ಲಿ ಇನ್ನೊಂದು ತೊಡಕಿದೆ. ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಜಿಪಿಎ ಅಲ್ಲಿಗೇ ಮುಗಿಯುತ್ತದೆ. ಹೀಗಾಗಿ 2015ರಲ್ಲೇ ಬಲ ಕಳೆದುಕೊಂಡಿರಬಹುದಾದ ಅಧಿಕಾರವನ್ನು ನಂಬಿ ನೀವು 52 ಲಕ್ಷ ಕೊಡಲು ಹೊರಟಿದ್ದೀರಿ.

ಜಿಪಿಎ ಮನೆಯ ನಿವಾಸಿ:

ವಕೀಲರ ಮಾತನ್ನು ಗೌರವಿಸುತ್ತಲೇ ಒಂದು ಮಾತು ಹೇಳುತ್ತೇನೆ. ನಾನೂ ಇಂಥದೇ ಮನೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಇದ್ದೇನೆ. ಪೂರ್ತಿ ಹಣ ಕೊಟ್ಟಿದ್ದೇನೆ, ಹಂಚಿಕೆದಾರರು ಬಾಕಿ ಉಳಿಸಿದ್ದ ಕಂತುಗಳನ್ನೂ ಅವರ ಹೆಸರಿನಲ್ಲಿ ನಾನೇ ಕಟ್ಟಿದ್ದೇನೆ, ಚಲನ್‌ಗಳನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಲೀಸ್ ಅವಧಿಯಲ್ಲಿ ಮಾರುವಂತಿಲ್ಲ ಎಂಬ ಷರತ್ತಿದ್ದಾಗ ಕಷ್ಟಕ್ಕೆ ಸಿಕ್ಕಿದ ಹಂಚಿಕೆದಾರರಿಗೂ ಬಾಡಿಗೆ ಕಟ್ಟಿ ಸೋತ ನಮ್ಮಂಥವರಿಗೂ ಬೇರೆ ದಾರಿ ಕಾಣಲಿಲ್ಲ. ಹಣ ಪಡೆದು, ಆಸ್ತಿಯಲ್ಲಿ ಹಿತಾಸಕ್ತಿ ಕೊಟ್ಟು ಮಾಡಿದ ಜಿಪಿಎ ಸಾವಿನಿಂದ ರದ್ದಾಗುವುದಿಲ್ಲ ಎಂದು ಕರಾರು ಕಾಯ್ದೆಯ 202ನೇ ಸೆಕ್ಷನ್ ಹೇಳುವುದಿಲ್ಲವೇ? ಉಯಿಲಂತೂ ಬರೆದವರ ಸಾವಿನ ನಂತರವೇ ಜಾರಿಗೆ ಬರುವಂಥದು. ಹಾಗಿದ್ದ ಮೇಲೆ ಈ ಮಾರಾಟಗಾರರನ್ನು ಏನೂ ಹಕ್ಕಿಲ್ಲದವರಂತೆ ಕಾಣುವುದು ನ್ಯಾಯವಲ್ಲ.

ವಕೀಲರು, ಮೈಸೂರು:

ನೀವು ಎತ್ತಿದ ಎರಡೂ ಅಂಶಗಳಲ್ಲಿ ತಿರುಳಿದೆ. ಆದರೆ 202ನೇ ಸೆಕ್ಷನ್ ಹೆಚ್ಚೆಂದರೆ ಏಜೆನ್ಸಿಯನ್ನು (ಪರವಾಗಿ ವ್ಯವಹರಿಸುವ ಅಧಿಕಾರವನ್ನು) ಉಳಿಸುತ್ತದೆ, ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ. ಉಯಿಲಿನ ಮಾತೂ ಅಷ್ಟೇ. ಶುದ್ಧ ಕ್ರಯಪತ್ರ ಆಗದಿದ್ದಾಗ ಹಂಚಿಕೆದಾರರ ಬಳಿ ಇದ್ದದ್ದು ಕರಾರಿನ ಹಕ್ಕು ಮಾತ್ರ, ತಮ್ಮಲ್ಲಿ ಇಲ್ಲದ್ದನ್ನು ಅವರು ಉಯಿಲಿನಲ್ಲಿ ಕೊಡಲು ಬರುವುದಿಲ್ಲ. ಉಯಿಲಿಗೆ ಇಬ್ಬರು ಸಾಕ್ಷಿಗಳು ಸಹಿ ಹಾಕಿರಬೇಕು, ವಾರಸುದಾರರು ಪ್ರಶ್ನಿಸಿದರೆ ಬದುಕಿರುವ ಸಾಕ್ಷಿಯೊಬ್ಬರು ನ್ಯಾಯಾಲಯಕ್ಕೆ ಬಂದು ನುಡಿಯಬೇಕು, ಆಮೇಲೆ ಬೇರೊಂದು ಉಯಿಲು ಬರೆದಿದ್ದರೆ ಇದು ಬಿದ್ದುಹೋಗುತ್ತದೆ. ಸ್ವಾಧೀನ ನಮ್ಮದಿದೆ ಎಂಬ ವಾದಕ್ಕೂ ಬಲ ಕಡಿಮೆ, ಏಕೆಂದರೆ 2001ರ ಸೆಪ್ಟೆಂಬರ್ ನಂತರದ ಕರಾರು ನೋಂದಣಿಯಾಗದಿದ್ದರೆ ಕರಾರಿನಂತೆ ಸ್ವಾಧೀನ ಪಡೆದವರನ್ನು ಕಾಯುವ ಆಸ್ತಿ ವರ್ಗಾವಣೆ ಕಾಯ್ದೆಯ 53-ಎ ರಕ್ಷಣೆ ಅದಕ್ಕೆ ಸಿಗುವುದಿಲ್ಲ. ಈ ಕರಾರು 2006ರದು.

ದಿಲ್ಲಿಯಲ್ಲಿ ನೆಲೆಸಿರುವ ಕನ್ನಡಿಗ:

ದಿಲ್ಲಿ ಅಭಿವೃದ್ಧಿ ಪ್ರಾಧಿಕಾರದ ಫ್ಲ್ಯಾಟುಗಳಲ್ಲಿ ಇದೇ ಗೋಳು ಬಹಳ ಹಿಂದಿನಿಂದ ಇದೆ. 1992ರಲ್ಲಿ ಅಲ್ಲಿ ಲೀಸ್ ಆಸ್ತಿಯನ್ನು ಫ್ರೀಹೋಲ್ಡ್ (ಪೂರ್ಣ ಸ್ವಂತ) ಮಾಡಿಕೊಡುವ ಯೋಜನೆ ಬಂದಾಗ, ಜಿಪಿಎ ಮೇಲೆ ಕೊಂಡವರೂ ಪರಿವರ್ತನಾ ಶುಲ್ಕದ ಮೇಲೆ ಮೂರನೇ ಒಂದು ಭಾಗ ಹೆಚ್ಚುವರಿ ಕಟ್ಟಿ ಅರ್ಜಿ ಹಾಕುವ ಅವಕಾಶವಿತ್ತು. ಸೂರಜ್ ಲ್ಯಾಂಪ್ ತೀರ್ಪು ಕೂಡ ಈ ಬಾಗಿಲನ್ನು ಮುಚ್ಚಲಿಲ್ಲ. ಅಭಿವೃದ್ಧಿ ಪ್ರಾಧಿಕಾರಗಳಿಂದ ಹಂಚಿಕೆ ಅಥವಾ ಲೀಸನ್ನು ಸಕ್ರಮ ಮಾಡಿಸಿಕೊಳ್ಳಲು ತೀರ್ಪಿಗೆ ಮುಂಚಿನ ಇಂಥ ದಾಖಲೆಗಳನ್ನು ಬಳಸಬಹುದು ಎಂದು ಅದರಲ್ಲೇ ಇದೆ. ಹೀಗಾಗಿ ಈ ಕಾಗದಗಳು ಪೂರ್ತಿ ಕಸವೂ ಅಲ್ಲ, ನಿಮ್ಮ ಹೆಸರಿಗೆ ಮನೆಯನ್ನು ತರುವಷ್ಟು ಬಲವಾದವೂ ಅಲ್ಲ.

ಹಂಚಿಕೆದಾರರ ಮಗಳು, ತುಮಕೂರು:

ಈ ಚರ್ಚೆಯಲ್ಲಿ ನಮ್ಮಂಥವರ ಮಾತು ಬರಲಿಲ್ಲವೆಂದು ಬರೆಯುತ್ತಿದ್ದೇನೆ. ನಮ್ಮ ತಂದೆಗೂ ಇಂಥ ಫ್ಲ್ಯಾಟ್ ಹಂಚಿಕೆಯಾಗಿತ್ತು. ನನ್ನ ಅಣ್ಣನ ಚಿಕಿತ್ಸೆಗಾಗಿ ಅದನ್ನು ಜಿಪಿಎ ಮೇಲೆ ಕೊಟ್ಟರು. ತಂದೆ ಹೋಗಿ ನಾಲ್ಕು ವರ್ಷಗಳ ನಂತರ, ಆ ಮನೆಯಲ್ಲಿರುವವರು ನಮ್ಮ ವಂಶವೃಕ್ಷ ಬೇಕೆಂದು ಹುಡುಕಿಕೊಂಡು ಬಂದರು. ಅಮ್ಮ ಅವರನ್ನು ಕೂರಿಸಿ ಕಾಫಿ ಕೊಟ್ಟು, ನಿಮ್ಮ ಹಣದಿಂದಲೇ ನನ್ನ ಮಗ ಉಳಿದ, ಸಹಿ ಹಾಕುತ್ತೇನೆ ಎಂದರು. ಅಣ್ಣ ಮಾತ್ರ ಈಗಿನ ಬೆಲೆ ಲೆಕ್ಕ ಹಾಕಿ ಐದು ಲಕ್ಷ ಕೇಳಿದ. ನನಗೆ ತುಂಬಾ ನಾಚಿಕೆಯಾಯಿತು. ಆದರೂ ಕೊಳ್ಳುವವರು ಒಂದು ವಿಷಯ ತಿಳಿಯಬೇಕು: ಬಲವಾದ ಉಯಿಲು ಇಲ್ಲದಿದ್ದರೆ ಹಿಂದೂ ಕುಟುಂಬಗಳಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು ಬರುತ್ತದೆ, ಒಬ್ಬರ ಸಹಿ ತಪ್ಪಿದರೂ ಕೆಲಸ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಅದು ಮುಗಿಯಲು ಹದಿನಾಲ್ಕು ತಿಂಗಳು ಹಿಡಿಯಿತು.

ನಿವೃತ್ತ ಬ್ಯಾಂಕ್ ಅಧಿಕಾರಿ:

ಸಾಲ ಬೇಕಿದ್ದರೆ ಜಿಪಿಎ ಮೇಲೆ ಬ್ಯಾಂಕ್ ಕೊಡುವುದಿಲ್ಲ ಎಂದೇ ತಿಳಿಯಿರಿ. ಇಸಿ (ಋಣಭಾರ ಪ್ರಮಾಣಪತ್ರ) ಶುದ್ಧವಾಗಿದೆ ಎಂದು ಮಧ್ಯವರ್ತಿ ತೋರಿಸಿದರೆ ಅಷ್ಟಕ್ಕೇ ನಿಶ್ಚಿಂತರಾಗಬೇಡಿ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಟರಿ ಮುಂದೆ ಇದೇ ಮನೆಯನ್ನು ಇನ್ನಿಬ್ಬರಿಗೆ ಬರೆದುಕೊಟ್ಟಿದ್ದರೂ ಅದು ಅಲ್ಲಿ ಬರುವುದಿಲ್ಲ. ಹಂಚಿಕೆ ಪತ್ರದ ಅಸಲನ್ನೇ ಕೇಳಿ ನೋಡಿ. ಅಸಲು ಇಲ್ಲ, ಜೆರಾಕ್ಸ್ ಇದೆ ಎಂದರೆ ಅದು ಎಲ್ಲೋ ಅಡವಿರಬಹುದು. ಬೆಲೆ 50 ಲಕ್ಷ ದಾಟಿರುವುದರಿಂದ ಹಣ ಕೊಡುವಾಗ ಶೇಕಡಾ 1ರಷ್ಟು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದು ಕಟ್ಟುವ ಹೊಣೆ ನಿಮ್ಮದು ಎಂಬುದೂ ನೆನಪಿರಲಿ.

ಜಿಪಿಎ ಮನೆಯ ನಿವಾಸಿ:

ತುಮಕೂರಿನ ಸಹೋದರಿಯವರು ಬರೆದದ್ದನ್ನು ಓದಿ ಮನಸ್ಸು ಭಾರವಾಯಿತು. ನಾನು ಇಷ್ಟು ವರ್ಷ ವಾರಸುದಾರರ ಮನೆಗೆ ಹೋಗದೆ ಉಳಿದದ್ದು ಅವರು ಹಣ ಕೇಳಿಯಾರೆಂಬ ಭಯದಿಂದಲೇ. ಕೊಳ್ಳುವವರು ಜಿಪಿಎ ಬೇಡವೆನ್ನುವುದನ್ನು ಒಪ್ಪುತ್ತೇನೆ. ಆದರೆ ಇದನ್ನೇ ನೆಪ ಮಾಡಿಕೊಂಡು ಬೆಲೆಯನ್ನು ಅರ್ಧಕ್ಕೆ ಇಳಿಸುವವರು ನಮ್ಮ ಬಡಾವಣೆಗೆ ತಿಂಗಳಿಗೊಬ್ಬರು ಬರುತ್ತಾರೆ, ಅದನ್ನು ಒಪ್ಪಲಾರೆ.

ಪ್ರಶ್ನೆ ಕೇಳಿದವರು, ಬೆಂಗಳೂರು:

ಎಲ್ಲರಿಗೂ ವಂದನೆಗಳು. ನಿನ್ನೆ ಸಂಜೆ ಮಾರಾಟಗಾರರೊಂದಿಗೆ ಮಾತಾಡಿದೆ. ಮೂಲ ಹಂಚಿಕೆದಾರರ ಪತ್ನಿ ಮತ್ತು ಇಬ್ಬರು ಮಕ್ಕಳು ಹಾಸನದಲ್ಲಿದ್ದಾರಂತೆ. ಮೊದಲು ಅವರ ಹೆಸರಿಗೆ ಸಂಸ್ಥೆಯಿಂದ ಶುದ್ಧ ಕ್ರಯಪತ್ರ ಆಗಿ ಇ-ಖಾತೆ (ಆನ್‌ಲೈನ್ ಆಸ್ತಿ ದಾಖಲೆ) ಬರಬೇಕು, ಆಮೇಲೆ ಈಗಿನ ಮಾರಾಟಗಾರರು ಒಪ್ಪಿಗೆ ಸಹಿ ಹಾಕಿ, ವಾರಸುದಾರರೆಲ್ಲರೂ ನನಗೆ ನೇರವಾಗಿ ಕ್ರಯ ಮಾಡಿಕೊಡಬೇಕು ಎಂದು ಕೇಳಿದ್ದೇನೆ. ಬೆಲೆ ಇಳಿಸಿ ಕೇಳಿಲ್ಲ. ಆರು ತಿಂಗಳಲ್ಲಿ ಆಗದಿದ್ದರೆ ಮುಂಗಡ ಹಿಂದಿರುಗಿಸಬೇಕೆಂಬ ಷರತ್ತಿನ ಕರಾರನ್ನು ನೋಂದಣಿ ಮಾಡಿಸಬೇಕೆಂದಿದ್ದೇನೆ. ಒಂದು ಸಂದೇಹ ಉಳಿದಿದೆ: ಹಂಚಿಕೆ ಪತ್ರದಲ್ಲಿ ಫ್ಲ್ಯಾಟ್ ಸಂಖ್ಯೆ 14 ಎಂದಿದೆ, ಬಾಗಿಲ ಮೇಲೂ ವಿದ್ಯುತ್ ಬಿಲ್ಲಿನಲ್ಲೂ 41 ಎಂದಿದೆ.

ವಕೀಲರು, ಮೈಸೂರು:

ಕರಾರಿನಲ್ಲಿ ವಾರಸುದಾರರನ್ನೂ ಪಕ್ಷಗಾರರನ್ನಾಗಿ ಸೇರಿಸಿ, ಇಲ್ಲದಿದ್ದರೆ ಅದು ಅವರನ್ನು ಕಟ್ಟಿಹಾಕುವುದಿಲ್ಲ. ಸಂಖ್ಯೆಯ ವ್ಯತ್ಯಾಸವನ್ನು ಶುದ್ಧ ಕ್ರಯಪತ್ರಕ್ಕೆ ಮುಂಚೆಯೇ ಸಂಸ್ಥೆಯಿಂದ ಲಿಖಿತವಾಗಿ ಸರಿಪಡಿಸಿಕೊಳ್ಳಿ, ಚಕ್ಕುಬಂದಿಯನ್ನು (ನಾಲ್ಕೂ ದಿಕ್ಕಿನ ಗಡಿ) ಸ್ಥಳದಲ್ಲೇ ನಿಂತು ತಾಳೆ ನೋಡಿ. ತಪ್ಪು ಪತ್ರದೊಳಗೆ ಸೇರಿಕೊಂಡರೆ ತಿದ್ದುಪಡಿ ಪತ್ರಕ್ಕಾಗಿ ಹಾಸನದಿಂದ ಆ ಮೂವರನ್ನೂ ಮತ್ತೊಮ್ಮೆ ಕರೆಸಬೇಕಾಗುತ್ತದೆ.